ಫ್ಯಾಂಟಸಿ ಫುಟ್‌ಬಾಲ್‌ನಲ್ಲಿ ವೇಗದ ಬದಲಿ ರನ್ನಿಂಗ್ ಬ್ಯಾಕ್

ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಎದುರಾಳಿಗಳ ನಡುವೆ ನುಗ್ಗಿ ಓಡುವವನು ರನ್ನಿಂಗ್ ಬ್ಯಾಕ್. ಮುಖ್ಯ ರನ್ನಿಂಗ್ ಬ್ಯಾಕ್‌ನ ಹಿಂದೆ ಎರಡನೆಯವನಾಗಿಯೋ ಮೂರನೆಯವನಾಗಿಯೋ ಬೆಂಚಿನಲ್ಲಿ ಕಾಯುವ, ಓಟದ ವೇಗವನ್ನೇ ದೊಡ್ಡ ಬಂಡವಾಳ ಮಾಡಿಕೊಂಡ ಆಟಗಾರ ಈ ಲೇಖನದ ವಿಷಯ. ಮೈದಾನದಲ್ಲಿ ಅವನು ಪಂದ್ಯಕ್ಕೆ ನಾಲ್ಕೈದು ಸಲ ಚೆಂಡು ಮುಟ್ಟಿ ಹೋಗುವವನು. ಫ್ಯಾಂಟಸಿ ಫುಟ್‌ಬಾಲ್ ಎಂಬ ಲೆಕ್ಕದ ಆಟದಲ್ಲಿ ಮಾತ್ರ ಅವನಿಗೆ ಆ ನಾಲ್ಕೈದು ಸಲಕ್ಕೆ ಮೀರಿದ ಮರ್ಯಾದೆ. ಪ್ರತಿ ಆಗಸ್ಟ್‌ನಲ್ಲಿ, ಸೀಸನ್ ಶುರುವಾಗುವ ಮೊದಲು, ಇಂಥ ಕೆಲವರ ಹೆಸರು ಎಲ್ಲರ ಬಾಯಲ್ಲೂ ಓಡಾಡುತ್ತದೆ. ನವೆಂಬರ್ ಹೊತ್ತಿಗೆ ಅವರಲ್ಲಿ ಹೆಚ್ಚಿನವರನ್ನು ಜನ ಮರೆತಿರುತ್ತಾರೆ. ಒಬ್ಬಿಬ್ಬರು ಮಾತ್ರ ಯಾರದೋ ಲೀಗ್ ಗೆಲ್ಲಿಸಿಕೊಡುತ್ತಿರುತ್ತಾರೆ. ಆ ಒಬ್ಬಿಬ್ಬರನ್ನು ಮುಂಚೆಯೇ ಗುರುತಿಸಲು ವೇಗದ ಅಂಕಿಗಳು ಎಷ್ಟು ನೆರವಾಗುತ್ತವೆ? ಹಿಂದಿನ ದಾಖಲೆಗಳನ್ನು ತಿರುವಿದರೆ, ಬದಲಿ ಆಟಗಾರನ ಮುಂದೆ ನಿಂತಿರುವವನ ಮೈಸ್ಥಿತಿ, ತಂಡದ ಓಟದ ಪದ್ಧತಿ, ಅವನಿಗೆ ಕ್ಯಾಚ್ ಹಿಡಿಯಲು ಬರುತ್ತದೆಯೇ ಎಂಬ ಮೂರು ಸಂಗತಿಗಳು ವೇಗಕ್ಕಿಂತ ಹೆಚ್ಚು ಹೇಳುತ್ತವೆ.

ಆಟದ ಹಿನ್ನೆಲೆ

ಫ್ಯಾಂಟಸಿ ಫುಟ್‌ಬಾಲ್ ಹುಟ್ಟಿದ್ದು 1962ರಲ್ಲಿ. ಓಕ್‌ಲ್ಯಾಂಡ್ ರೈಡರ್ಸ್ ತಂಡದಲ್ಲಿ ಸಣ್ಣ ಪಾಲು ಹೊಂದಿದ್ದ ಬಿಲ್ ವಿಂಕೆನ್‌ಬಾಕ್, ತಂಡದ ಜೊತೆ ಪೂರ್ವ ತೀರದ ಪ್ರವಾಸಕ್ಕೆ ಹೋಗಿದ್ದಾಗ ನ್ಯೂಯಾರ್ಕ್‌ನ ಹೋಟೆಲೊಂದರಲ್ಲಿ ಕೂತು ಗೆಳೆಯರೊಂದಿಗೆ ಇದರ ನಿಯಮಗಳನ್ನು ಬರೆದರು. ಮರುವರ್ಷದ ಆಗಸ್ಟ್‌ನಲ್ಲಿ ಅವರ ಮನೆಯಲ್ಲೇ ಎಂಟು ತಂಡಗಳ ಮೊದಲ ಡ್ರಾಫ್ಟ್, ಅಂದರೆ ಸರದಿಯಂತೆ ಆಟಗಾರರನ್ನು ಆರಿಸಿಕೊಳ್ಳುವ ಕಾರ್ಯ, ನಡೆಯಿತು. ಮೊದಲ ಆಯ್ಕೆಯಾಗಿ ಹೋದವರು ಕ್ವಾರ್ಟರ್‌ಬ್ಯಾಕ್ (ಪಾಸ್ ಎಸೆಯುವವನು) ಜಾರ್ಜ್ ಬ್ಲಾಂಡಾ. ಆ ಕಾಲದ ಅತಿ ದೊಡ್ಡ ರನ್ನಿಂಗ್ ಬ್ಯಾಕ್ ಜಿಮ್ ಬ್ರೌನ್ ಅವರನ್ನು ಆಗ ಬಿಟ್ಟುಕೊಡಲಾಯಿತು; ಬ್ರೌನ್ ಆ ಸೀಸನ್‌ನಲ್ಲಿ 1,863 ಗಜ ಓಡಿದರು. ಡ್ರಾಫ್ಟ್ ಮುಗಿದ ಮೇಲೆ ಹಣೆ ಚಚ್ಚಿಕೊಳ್ಳುವ ಸಂಪ್ರದಾಯ ಈ ಆಟದ ಮೊದಲ ದಿನದಿಂದಲೇ ಇದೆ ಎನ್ನಬಹುದು. ಮೂರು ದಶಕಗಳ ಕಾಲ ಕಾಗದ, ಪೆನ್ಸಿಲ್, ಸೋಮವಾರದ ಪತ್ರಿಕೆ ಇಟ್ಟುಕೊಂಡು ಆಡುತ್ತಿದ್ದ ಆಟ 1990ರ ದಶಕದ ಕೊನೆಗೆ ಅಂತರ್ಜಾಲಕ್ಕೆ ಬಂತು. ಲೆಕ್ಕ ಹಾಕುವ ಕೆಲಸ ಯಂತ್ರಕ್ಕೆ ಹೋದ ಮೇಲೆ, ವಾರಕ್ಕೆ ಐದು ಗಜ ಓಡುವ ಆಟಗಾರನ ಜಾತಕವೂ ಎಲ್ಲರ ಕೈಗೆ ಸಿಕ್ಕಿತು.

ಸಾಮಾನ್ಯ ಲೀಗ್‌ನಲ್ಲಿ ಹತ್ತು ಅಥವಾ ಹನ್ನೆರಡು ಮಂದಿ ಇರುತ್ತಾರೆ. ಅಮೆರಿಕದ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ನಿಜವಾದ ಆಟಗಾರರನ್ನು ಸರದಿಯಂತೆ ಆರಿಸಿಕೊಂಡು ತಂಡ ಕಟ್ಟುತ್ತಾರೆ. ವಾರವಾರ ಒಬ್ಬ ಕ್ವಾರ್ಟರ್‌ಬ್ಯಾಕ್, ಇಬ್ಬರು ರನ್ನಿಂಗ್ ಬ್ಯಾಕ್, ಪಾಸ್ ಹಿಡಿಯುವ ಎರಡು ಮೂರು ರಿಸೀವರ್, ಒಬ್ಬ ಟೈಟ್ ಎಂಡ್, ಜೊತೆಗೆ ಕ್ವಾರ್ಟರ್‌ಬ್ಯಾಕ್ ಬಿಟ್ಟು ಇವರಲ್ಲಿ ಯಾರನ್ನಾದರೂ ಹಾಕಬಹುದಾದ ಫ್ಲೆಕ್ಸ್ ಎಂಬ ಒಂದು ಜಾಗ, ಉಳಿದವರು ಬೆಂಚಿಗೆ. ಓಟದಲ್ಲಾಗಲಿ ಕ್ಯಾಚಿನಲ್ಲಾಗಲಿ 10 ಗಜಕ್ಕೆ 1 ಅಂಕ, ಚೆಂಡಿನೊಂದಿಗೆ ಎದುರಾಳಿಯ ಗೆರೆ ದಾಟುವ ಟಚ್‌ಡೌನ್‌ಗೆ 6, ಚೆಂಡು ಕೈಜಾರಿ ಎದುರಾಳಿಗೆ ಹೋದರೆ 2 ಕಡಿತ. ಹಿಡಿದ ಪ್ರತಿ ಕ್ಯಾಚಿಗೆ ಒಂದು ಅಂಕ ಕೊಡುವ ಲೀಗ್‌ಗಳನ್ನು ಪಿಪಿಆರ್ ಎನ್ನುತ್ತಾರೆ. ಅರ್ಧ ಅಂಕ ಕೊಡುವವೂ ಇವೆ.

ಈ ಕ್ಯಾಚಿನ ಅಂಕವೇ ಬದಲಿ ಆಟಗಾರನನ್ನು ಲೆಕ್ಕಕ್ಕೆ ತಂದದ್ದು. ಮುಖ್ಯ ಆಟಗಾರ 15 ಸಲ ಓಡಿ 60 ಗಜ ಗಳಿಸಿದರೆ ಅವನಿಗೆ ಸಿಗುವುದು 6 ಅಂಕ. ಅವನ ಬದಲಿ ಆರು ಸಲ ಓಡಿ 40 ಗಜ, ನಾಲ್ಕು ಕ್ಯಾಚ್ ಹಿಡಿದು 35 ಗಜ ಗಳಿಸಿದರೆ ಪಿಪಿಆರ್‌ನಲ್ಲಿ 11.5 ಅಂಕ. ಮೈದಾನದಲ್ಲಿ ಎರಡನೆಯವನಾದವನು ಲೆಕ್ಕದ ಪುಸ್ತಕದಲ್ಲಿ ಮೊದಲನೆಯವನಾಗುವುದು ಹೀಗೆ. ನ್ಯೂ ಆರ್ಲಿಯನ್ಸ್ ಸೇಂಟ್ಸ್ ತಂಡದಲ್ಲಿ ಡ್ಯಾರೆನ್ ಸ್ಪ್ರೋಲ್ಸ್ 2011ರಲ್ಲಿ ಓಡಿದ್ದು 87 ಸಲ ಮಾತ್ರ, ಆದರೆ ಹಿಡಿದ ಕ್ಯಾಚ್ 86. ಐದು ಅಡಿ ಆರು ಇಂಚಿನ ಈ ಆಟಗಾರ ಆ ವರ್ಷ ಕಿಕ್‌ಗಳನ್ನು ಹಿಡಿದು ವಾಪಸ್ ಓಡಿದ್ದನ್ನೂ ಸೇರಿಸಿ ಒಟ್ಟು 2,696 ಗಜ ಗಳಿಸಿದರು, ಅದು ಎನ್‌ಎಫ್‌ಎಲ್ ದಾಖಲೆ. ಹೆಚ್ಚಿನ ಲೀಗ್‌ಗಳಲ್ಲಿ ಕಿಕ್ ವಾಪಸಾತಿಯ ಗಜಗಳಿಗೆ ಆಟಗಾರನ ಹೆಸರಿನಲ್ಲಿ ಅಂಕವಿಲ್ಲ. ವೇಗದ ಬದಲಿ ಆಟಗಾರರು ಹೆಸರು ಮಾಡುವುದೇ ಬಹುಪಾಲು ಈ ಕೆಲಸದಿಂದಾದ್ದರಿಂದ, ಟಿವಿಯಲ್ಲಿ ಅವರನ್ನು ನೋಡಿ ಮರುಳಾದ ಹೊಸಬರು ಮೊದಲು ಎಡವುವುದು ಇಲ್ಲೇ.

ವೇಗದ ಅಳತೆ

ಕಾಲೇಜು ಮುಗಿಸಿದ ಆಟಗಾರರನ್ನು ಪ್ರತಿ ವರ್ಷ ಇಂಡಿಯಾನಪೊಲಿಸ್ ನಗರದಲ್ಲಿ ಒಂದೆಡೆ ಸೇರಿಸಿ ಪರೀಕ್ಷಿಸುತ್ತಾರೆ; ಇದು ಕಂಬೈನ್. ಅಲ್ಲಿ ಎಲ್ಲರ ಕಣ್ಣು 40 ಗಜದ ಓಟದ ಮೇಲೆ. 36.58 ಮೀಟರ್ ದೂರವನ್ನು 4.4 ಸೆಕೆಂಡಿಗಿಂತ ಬೇಗ ಮುಗಿಸಿದ ರನ್ನಿಂಗ್ ಬ್ಯಾಕ್‌ಗೆ ವೇಗಿ ಎಂಬ ಮುದ್ರೆ ಬೀಳುತ್ತದೆ. 2008ರಲ್ಲಿ ಕ್ರಿಸ್ ಜಾನ್ಸನ್ ಓಡಿದ 4.24 ಸೆಕೆಂಡು ಬಹುಕಾಲ ಮಾನದಂಡವಾಗಿತ್ತು. ಮರುವರ್ಷ ಅವರು 2,006 ಗಜ ಓಡಿದ್ದರಿಂದ, ಸ್ಟಾಪ್‌ವಾಚ್ ನೋಡಿ ಆಟಗಾರನನ್ನು ಆರಿಸುವ ಚಟ ಫ್ಯಾಂಟಸಿ ಲೋಕಕ್ಕೆ ಗಟ್ಟಿಯಾಗಿ ಹತ್ತಿತು.

ಬರೀ ಸೆಕೆಂಡು ನೋಡಿದರೆ ಹಗುರ ಮೈಯವರೆಲ್ಲ ಮೇಲೆ ಬರುತ್ತಾರೆ. ಅದೇ 2008ರಲ್ಲಿ ಬಿಲ್ ಬಾರ್ನ್‌ವೆಲ್ ಎಂಬ ವಿಶ್ಲೇಷಕ ತೂಕವನ್ನೂ ಸೇರಿಸಿದ ಸೂತ್ರವೊಂದನ್ನು ಮುಂದಿಟ್ಟರು: ಪೌಂಡ್‌ಗಳಲ್ಲಿರುವ ತೂಕವನ್ನು 200ರಿಂದ ಗುಣಿಸಿ, ಓಟದ ಸೆಕೆಂಡಿನ ನಾಲ್ಕನೇ ಘಾತದಿಂದ ಭಾಗಿಸಬೇಕು. ಇದಕ್ಕೆ ಸ್ಪೀಡ್ ಸ್ಕೋರ್ ಎಂದು ಹೆಸರು. 100 ಅಂದರೆ ಸರಾಸರಿ. 188 ಪೌಂಡಿನ ಡಿವಾನ್ ಏಚೇನ್ 2023ರಲ್ಲಿ 4.32 ಸೆಕೆಂಡಿಗೆ ಓಡಿದ್ದಕ್ಕೆ ಸುಮಾರು 108 ಬರುತ್ತದೆ. 2024ರಲ್ಲಿ 221 ಪೌಂಡಿನ ಐಸಾಕ್ ಗುರೆಂಡೊ 4.33ಕ್ಕೆ ಓಡಿದ್ದು 126ರ ಹತ್ತಿರ. ಸೂತ್ರದ ಪ್ರಕಾರ ಎರಡನೆಯವರು ಬಹಳ ಮೇಲು. ಆದರೂ ಫ್ಯಾಂಟಸಿ ಅಂಕಗಳಲ್ಲಿ ಮೊದಲನೆಯವರು ಎಲ್ಲಿಗೆ ಮುಟ್ಟಿದರು ಎಂಬುದು ಮುಂದೆ ಬರುತ್ತದೆ.

ಈಗ ಆಟಗಾರರ ಭುಜದ ಕವಚದೊಳಗೆ ಚಿಪ್ ಇರುವುದರಿಂದ ಪಂದ್ಯದ ನಡುವಿನ ವೇಗವೂ ತಿಳಿಯುತ್ತದೆ. 2020ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ರಹೀಮ್ ಮೋಸ್ಟರ್ಟ್ ನ್ಯೂಯಾರ್ಕ್ ಜೆಟ್ಸ್ ವಿರುದ್ಧ 80 ಗಜ ಓಡಿ ಟಚ್‌ಡೌನ್ ಮಾಡಿದಾಗ ಗಂಟೆಗೆ 23.09 ಮೈಲಿ, ಅಂದರೆ ಸುಮಾರು 37 ಕಿಲೋಮೀಟರ್ ವೇಗ ದಾಖಲಾಯಿತು. ತಲೆಗೆ ಹೆಲ್ಮೆಟ್, ಮೈಗೆ ಕವಚ, ಕೈಯಲ್ಲಿ ಚೆಂಡು ಇದ್ದೂ ಆ ವೇಗ. ನೋಡಲು ಹಬ್ಬ. ಫ್ಯಾಂಟಸಿ ಲೆಕ್ಕದಲ್ಲಿ ಮಾತ್ರ ಆ ಓಟ 14 ಅಂಕ ತಂದ ಒಂದೇ ಒಂದು ಓಟ. ಗಂಟೆಗೆ 20 ಮೈಲಿಯಲ್ಲಿ ಓಡಿ ಗೆರೆ ದಾಟಿದ್ದರೂ ಅಷ್ಟೇ ಬರುತ್ತಿತ್ತು.

ಇನ್ನೊಂದು ಕಡೆಯ ಸಾಕ್ಷ್ಯವೂ ಬೇಕು. 2017ರಲ್ಲಿ ಇಡೀ ಲೀಗ್‌ನಲ್ಲಿ ಅತಿ ಹೆಚ್ಚು ಗಜ ಓಡಿದ ಕರೀಮ್ ಹಂಟ್ ಕಂಬೈನ್‌ನಲ್ಲಿ ತೆಗೆದುಕೊಂಡಿದ್ದು 4.62 ಸೆಕೆಂಡು. 2010ರಲ್ಲಿ ಅದೇ ಪಟ್ಟಿಯ ತುದಿಯಲ್ಲಿದ್ದ ಏರಿಯನ್ ಫಾಸ್ಟರ್ ಅವರನ್ನು, ತಂಡಗಳು ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಎನ್‌ಎಫ್‌ಎಲ್ ಡ್ರಾಫ್ಟಿನಲ್ಲಿ ಯಾವ ತಂಡವೂ ಕರೆದಿರಲಿಲ್ಲ. ಹೆಸರಲ್ಲಿ ವೇಗ ಇದ್ದದ್ದು ಬಿಟ್ಟರೆ ಫಾಸ್ಟರ್ ಯಾವತ್ತೂ ವೇಗಿ ಎನಿಸಿಕೊಂಡವರಲ್ಲ.

ಸರಾಸರಿಯ ಮೋಹ

ವೇಗದ ಬದಲಿ ಆಟಗಾರನನ್ನು ಕೊಂಡಾಡುವವರು ಮೊದಲು ಎತ್ತುವ ಅಂಕಿ, ಓಟಕ್ಕೆ ಸರಾಸರಿ ಎಷ್ಟು ಗಜ ಎಂಬುದು. ಮುಖ್ಯ ಆಟಗಾರ 4 ಗಜಕ್ಕೆ ಒದ್ದಾಡುತ್ತಿರುವಾಗ ಬದಲಿಯದು 5.5 ಇದ್ದರೆ, ಕೋಚ್‌ಗೆ ಕಣ್ಣು ಕಾಣುವುದಿಲ್ಲವೇ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಕ್ರಿಕೆಟ್‌ನಲ್ಲಿ ಏಳನೇ ಕ್ರಮಾಂಕದಲ್ಲಿ ಬಂದು ಹನ್ನೆರಡು ಎಸೆತಕ್ಕೆ ಮೂವತ್ತು ಬಾರಿಸುವವನನ್ನು ಆರಂಭಿಕನಾಗಿ ಕಳಿಸಿದರೆ ಅದೇ ಸ್ಟ್ರೈಕ್ ರೇಟಿನಲ್ಲಿ ನೂರು ಹೊಡೆಯುತ್ತಾನೆ ಎಂದು ನಂಬಿದಷ್ಟೇ ಇದು. ಬದಲಿ ಆಟಗಾರ ಇಳಿಯುವ ಹೊತ್ತನ್ನು ಕೋಚ್ ಆರಿಸಿರುತ್ತಾನೆ. ಎದುರಾಳಿಗಳು ಪಾಸ್ ನಿರೀಕ್ಷಿಸಿ ಹಿಂದೆ ಸರಿದಿರುತ್ತಾರೆ, ಮುಂಚೂಣಿಯಲ್ಲಿ ಜನ ಕಡಿಮೆ, ಇವನ ಕಾಲು ತಾಜಾ. ಮೂರನೇ ಯತ್ನದಲ್ಲಿ ಒಂದು ಗಜ ಬೇಕಾದಾಗ ಗೋಡೆಗೆ ತಲೆ ಕೊಡುವ ಕೆಲಸ ಮುಖ್ಯ ಆಟಗಾರನಿಗೆ. ಅವನ ಸರಾಸರಿ ಇಳಿಯುವುದೂ ಅದರಿಂದಲೇ. ಮೇಲಾಗಿ 50 ಓಟಗಳ ಲೆಕ್ಕದಲ್ಲಿ 70 ಗಜದ ಒಂದು ಓಟ ಸೇರಿಬಿಟ್ಟರೆ ಅದೊಂದೇ ಸರಾಸರಿಗೆ 1.4 ಗಜ ಕೂಡಿಸುತ್ತದೆ.

ಡಲ್ಲಾಸ್ ಕೌಬಾಯ್ಸ್‌ನ ಟೋನಿ ಪೊಲಾರ್ಡ್ ಇದಕ್ಕೆ ಪಾಠದಂಥ ಉದಾಹರಣೆ. ಮೆಂಫಿಸ್ ವಿಶ್ವವಿದ್ಯಾಲಯದಲ್ಲಿದ್ದಾಗ ಕಿಕ್ ವಾಪಸಾತಿಯಲ್ಲೇ ಏಳು ಟಚ್‌ಡೌನ್ ಮಾಡಿದ್ದ ಅವರು 2019ರ ಡ್ರಾಫ್ಟಿನ ನಾಲ್ಕನೇ ಸುತ್ತಿನಲ್ಲಿ ಬಂದು ಎಝೆಕಿಯಲ್ ಎಲಿಯಟ್ ಹಿಂದೆ ಕೂತರು. 2020ರ 15ನೇ ವಾರ ಎಲಿಯಟ್ ಆಡಲಿಲ್ಲ. ಪೊಲಾರ್ಡ್ 12 ಓಟಕ್ಕೆ 69 ಗಜ, ಎರಡು ಟಚ್‌ಡೌನ್, ಆರು ಕ್ಯಾಚಿಗೆ 63 ಗಜ ಗಳಿಸಿದರು. ಪಿಪಿಆರ್‌ನಲ್ಲಿ 31.2 ಅಂಕ, ಅದೂ ಬಹುತೇಕ ಲೀಗ್‌ಗಳ ನಾಕೌಟ್ ನಡೆಯುವ ವಾರದಲ್ಲಿ. ಅಲ್ಲಿಂದ ಎರಡು ವರ್ಷ ಎಲಿಯಟ್‌ರನ್ನು ಕೂರಿಸಿ ಪೊಲಾರ್ಡ್‌ರನ್ನು ಇಳಿಸಿ ಎಂಬ ಕೂಗು ನಿಲ್ಲಲೇ ಇಲ್ಲ. 2022ರಲ್ಲಿ ಪಾಲು ಹಂಚಿಕೊಂಡೇ 193 ಓಟಕ್ಕೆ 1,007 ಗಜ, ಓಟಕ್ಕೆ 5.2 ಬಂತು. 2023ಕ್ಕೆ ಎಲಿಯಟ್ ತಂಡ ಬಿಟ್ಟರು, ಪೂರ್ತಿ ಜಾಗ ಪೊಲಾರ್ಡ್‌ಗೆ ಸಿಕ್ಕಿತು. ಓಟಗಳು 252ಕ್ಕೆ ಏರಿದವು, ಗಜ 1,005. ಐವತ್ತೊಂಬತ್ತು ಸಲ ಹೆಚ್ಚಿಗೆ ಓಡಿ ಎರಡು ಗಜ ಕಡಿಮೆ. ಅದೇ ವರ್ಷದ ಜನವರಿಯಲ್ಲಿ ಕಾಲಿನ ಮೂಳೆ ಮುರಿದಿದ್ದನ್ನೂ ಇಲ್ಲಿ ಸೇರಿಸಿಕೊಳ್ಳಬೇಕು, ಪೂರ್ತಿ ತಪ್ಪನ್ನು ಹೊರೆಯ ಮೇಲೆ ಹೊರಿಸುವಂತಿಲ್ಲ. ಆದರೂ ಆ ಆಗಸ್ಟ್‌ನಲ್ಲಿ ಅವರನ್ನು ಮುಂಚೂಣಿ ಸುತ್ತುಗಳ ಬೆಲೆಗೆ ಕೊಂಡವರಿಗೆ ಈ ವಿವರಣೆಯಿಂದ ಏನೂ ಸಮಾಧಾನವಾಗಲಿಲ್ಲ.

ಕೂಗು ನ್ಯಾಯವಾಗಿದ್ದ ಸಂದರ್ಭಗಳೂ ಉಂಟು. ಕ್ಯಾನ್ಸಸ್ ಸಿಟಿ ಚೀಫ್ಸ್ 2009ರ ನವೆಂಬರ್‌ನಲ್ಲಿ ಲ್ಯಾರಿ ಜಾನ್ಸನ್‌ರನ್ನು ಹೊರಹಾಕಿದ ಮೇಲೆ ಜಮಾಲ್ ಚಾರ್ಲ್ಸ್ ಜಾಗಕ್ಕೆ ಬಂದರು. ಸೀಸನ್‌ನ ಕೊನೆಯ ಪಂದ್ಯದಲ್ಲಿ ಡೆನ್ವರ್ ವಿರುದ್ಧ 259 ಗಜ ಓಡಿದರು. ಇಷ್ಟಾದ ಮೇಲೂ ತಂಡ 2010ಕ್ಕೆ ಥಾಮಸ್ ಜೋನ್ಸ್ ಎಂಬ ಹಿರಿಯನನ್ನು ಕರೆತಂದು 245 ಸಲ ಚೆಂಡು ಕೊಟ್ಟಿತು, ಬಂದದ್ದು 896 ಗಜ. ಚಾರ್ಲ್ಸ್‌ಗೆ 230 ಸಲ ಕೊಟ್ಟಿತು, ಬಂದದ್ದು 1,467. ಓಟಕ್ಕೆ 6.4. ಫ್ಯಾಂಟಸಿ ಆಡುವವರು ಇಂದಿಗೂ ಕೋಚ್‌ಗಳನ್ನು ಬೈಯುವಾಗ ಈ ಎರಡು ಸಾಲುಗಳನ್ನು ಉದಾಹರಿಸುತ್ತಾರೆ, ಬೈಯಲು ಅವರಿಗೆ ಹಕ್ಕೂ ಇದೆ. ಆದರೆ ಚಾರ್ಲ್ಸ್‌ನಂಥವರು ಅಪರೂಪ ಎಂಬುದನ್ನು ಮರೆತು, ಪ್ರತಿ ಬದಲಿಯಲ್ಲೂ ಚಾರ್ಲ್ಸ್‌ರನ್ನೇ ಕಾಣುವುದು ಈ ಆಟದ ಹಳೆಯ ರೋಗ.

ಮೈಕಲ್ ಟರ್ನರ್ ಕಥೆ ಬೇರೆ. ಸ್ಯಾನ್ ಡಿಯಾಗೊದಲ್ಲಿ ಲಡೇನಿಯನ್ ಟಾಮ್ಲಿನ್ಸನ್ ಹಿಂದೆ ನಾಲ್ಕು ವರ್ಷ ಕೂತಿದ್ದ ಟರ್ನರ್ 2006ರಲ್ಲಿ 80 ಓಟಕ್ಕೆ 502 ಗಜ, ಅಂದರೆ 6.3ರಂತೆ ಓಡಿದ್ದರು. 2008ರಲ್ಲಿ ಅಟ್ಲಾಂಟಾಕ್ಕೆ ಹೋಗಿ ಮುಖ್ಯ ಆಟಗಾರನಾದಾಗ ಸರಾಸರಿ 4.5ಕ್ಕೆ ಇಳಿಯಿತು. ಯಾರಿಗೂ ಬೇಸರವಾಗಲಿಲ್ಲ, ಏಕೆಂದರೆ ಓಟಗಳು 376, ಗಜ 1,699, ಟಚ್‌ಡೌನ್ 17. ಟರ್ನರ್‌ಗೆ 237 ಪೌಂಡಿನ ಮೈಕಟ್ಟಿತ್ತು. ಅಷ್ಟು ಹೊರೆ ಹೊರುವ ದೇಹ ಹಗುರ ವೇಗಿಗಳಿಗೆ ಇರುವುದಿಲ್ಲ.

ಮಯಾಮಿಯ ಎರಡು ಸೀಸನ್

ವೇಗದ ಬದಲಿ ಆಟಗಾರನ ಭವಿಷ್ಯದ ಬಗ್ಗೆ ಮಾತಾಡುವವರು ಮಯಾಮಿ ಡಾಲ್ಫಿನ್ಸ್ ತಂಡವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. 2022ರಲ್ಲಿ ಅಲ್ಲಿ ಮುಖ್ಯ ಕೋಚ್ ಆಗಿ ಬಂದ ಮೈಕ್ ಮೆಕ್‌ಡ್ಯಾನಿಯಲ್ ವೇಗಿಗಳನ್ನೇ ಹುಡುಕಿ ಕೂಡಿಹಾಕಿದರು. ಮೊದಲೇ ಹೇಳಿದ ಮೋಸ್ಟರ್ಟ್ ಕೂಡ ಅಲ್ಲಿಗೆ ಬಂದರು. 2023ರ ಡ್ರಾಫ್ಟಿನ ಮೂರನೇ ಸುತ್ತಿನಲ್ಲಿ, 84ನೇ ಆಯ್ಕೆಯಾಗಿ, ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲಿ ಟ್ರ್ಯಾಕ್ ಓಟಗಾರನೂ ಆಗಿದ್ದ ಏಚೇನ್ ಸೇರಿದರು.

ಮೊದಲ ವಾರ ಏಚೇನ್ ಆಡಲಿಲ್ಲ. ಎರಡನೇ ವಾರ ಒಂದು ಓಟ, ಐದು ಗಜ. ಮೂರನೇ ವಾರ, ಸೆಪ್ಟೆಂಬರ್ 24ರಂದು, ಡೆನ್ವರ್ ಬ್ರಾಂಕೋಸ್ ವಿರುದ್ಧ ಮಯಾಮಿ 70-20ರಿಂದ ಗೆದ್ದಿತು. 1966ರ ನಂತರ ಯಾವ ತಂಡವೂ ನಿಯತ ಸೀಸನ್‌ನ ಒಂದು ಪಂದ್ಯದಲ್ಲಿ 70 ಮುಟ್ಟಿರಲಿಲ್ಲ. ಏಚೇನ್ 18 ಓಟಕ್ಕೆ 203 ಗಜ, ನಾಲ್ಕು ಕ್ಯಾಚಿಗೆ 30 ಗಜ, ಎಲ್ಲ ಸೇರಿ ನಾಲ್ಕು ಟಚ್‌ಡೌನ್, ಪಿಪಿಆರ್‌ನಲ್ಲಿ 51.3 ಅಂಕ. ಈ ಅಂಕಗಳನ್ನು ಬಿಡಿಸಿ ನೋಡುವುದು ಒಳ್ಳೆಯದು. 203 ಗಜದಲ್ಲಿ 67 ಗಜ ನಾಲ್ಕನೇ ಕಾಲುಭಾಗದ ಒಂದೇ ಓಟದಲ್ಲಿ, ಪಂದ್ಯದ ಫಲಿತಾಂಶ ಎಂದೋ ತೀರ್ಮಾನವಾದ ಮೇಲೆ ಬಂದದ್ದು. ಗೆಲುವು ಖಚಿತವಾದಾಗ ಮುಖ್ಯ ಆಟಗಾರರಿಗೆ ವಿಶ್ರಾಂತಿ ಕೊಟ್ಟು ಬದಲಿಗಳನ್ನು ಇಳಿಸುತ್ತಾರೆ. ಬಳಲಿದ ಎದುರಾಳಿಯ ಮುಂದೆ ತಾಜಾ ವೇಗಿ ಸಿಕ್ಕಿದ್ದೇ ಸೂರೆ. ಫ್ಯಾಂಟಸಿ ಲೆಕ್ಕದಲ್ಲಿ ಆ ಗಜಗಳಿಗೂ ಪೂರ್ತಿ ಬೆಲೆ. ಅದೇ ಪಂದ್ಯದಲ್ಲಿ ಮೋಸ್ಟರ್ಟ್ ಕೂಡ ನಾಲ್ಕು ಟಚ್‌ಡೌನ್ ಮಾಡಿದ್ದರು ಎಂಬುದು ಗದ್ದಲದಲ್ಲಿ ಹಿಂದೆ ಸರಿಯಿತು. ಹಿಂದಿನ ವಾರ ಐದು ಗಜ ಓಡಿದವನನ್ನು ತಂಡದಲ್ಲಿ ಆಡಿಸಿದ ಫ್ಯಾಂಟಸಿ ಮಾಲೀಕರು ಎಷ್ಟು ಮಂದಿ ಇದ್ದಾರು? ಆ 51 ಅಂಕ ಬಹುಪಾಲು ಲೀಗ್‌ಗಳಲ್ಲಿ ಯಾರದೋ ಬೆಂಚಿನ ಮೇಲೆ ಬಿದ್ದು ಹಾಳಾಯಿತು.

ನಾಲ್ಕನೇ ವಾರ ಎಂಟು ಓಟಕ್ಕೆ 101 ಗಜ, ಐದನೇ ವಾರ 11 ಓಟಕ್ಕೆ 151. ಅಷ್ಟರಲ್ಲಿ ಮಂಡಿಗೆ ಪೆಟ್ಟಾಗಿ ನಾಲ್ಕು ಪಂದ್ಯ ಹೊರಗೆ, ವಾಪಸ್ ಬಂದ ದಿನವೇ ಮತ್ತೆ ಪೆಟ್ಟು. ಒಟ್ಟು 11 ಪಂದ್ಯಗಳಲ್ಲಿ 103 ಓಟ, 800 ಗಜ, ಓಟಕ್ಕೆ 7.8. ಅದೇ ಸೀಸನ್‌ನಲ್ಲಿ 31 ವಯಸ್ಸಿನ ಮೋಸ್ಟರ್ಟ್ 21 ಟಚ್‌ಡೌನ್ ಮಾಡಿದರು. ಎಲ್ಲರ ಬಾಯಲ್ಲಿದ್ದದ್ದು ಹುಡುಗನ ಹೆಸರು, ಹೆಚ್ಚು ಅಂಕ ತಂದುಕೊಟ್ಟದ್ದು ಹಳಬ.

2024ರಲ್ಲಿ ಏಚೇನ್ ಮುಖ್ಯ ಆಟಗಾರನಾದರು. ಓಟಗಳು 203ಕ್ಕೆ ಏರಿದವು, ಸರಾಸರಿ 7.8ರಿಂದ 4.5ಕ್ಕೆ ಬಿತ್ತು. ಈ ಒಂದೇ ಅಂಕಿ ನೋಡಿದವರು ಹುಡುಗ ಸೋತ ಎನ್ನುತ್ತಾರೆ. ಆದರೆ ಕ್ಯಾಚ್‌ಗಳು 27ರಿಂದ 78ಕ್ಕೆ ಹೋದವು, 592 ಗಜ, ಆರು ಟಚ್‌ಡೌನ್ ಅದರಿಂದಲೇ ಬಂದವು. ಪಿಪಿಆರ್‌ನಲ್ಲಿ ಸೀಸನ್‌ಗೆ ಸುಮಾರು 300 ಅಂಕ. ಸ್ಪೀಡ್ ಸ್ಕೋರ್ ಹೇಳದೆ ಬಿಟ್ಟದ್ದು ಇದನ್ನೇ: 188 ಪೌಂಡಿನ ದೇಹವನ್ನು ಗೋಡೆಗೆ ಗುದ್ದಿಸದೆ, ಮೈದಾನದ ಅಂಚಿನಲ್ಲಿ ಸಣ್ಣ ಪಾಸ್ ಕೊಟ್ಟು ಬಯಲಿಗೆ ಬಿಟ್ಟರೆ ವೇಗ ಅಂಕವಾಗುತ್ತದೆ.

ಏಚೇನ್ ಬಿಟ್ಟ ಬದಲಿಯ ಜಾಗಕ್ಕೆ ಮಯಾಮಿ ಅದೇ ಅಚ್ಚಿನ ಇನ್ನೊಬ್ಬರನ್ನು ತಂದಿತ್ತು. ಟೆನೆಸಿ ವಿಶ್ವವಿದ್ಯಾಲಯದ ಜೇಲೆನ್ ರೈಟ್, 4.38 ಸೆಕೆಂಡು, 2024ರ ಡ್ರಾಫ್ಟಿನ 120ನೇ ಆಯ್ಕೆ. ಅವರನ್ನು ಪಡೆಯಲು ತಂಡ ಮರುವರ್ಷದ ಮೂರನೇ ಸುತ್ತಿನ ಆಯ್ಕೆಯನ್ನೇ ಫಿಲಡೆಲ್ಫಿಯಾಕ್ಕೆ ಬಿಟ್ಟುಕೊಟ್ಟಿತ್ತು. ವಯಸ್ಸಾದ ಮೋಸ್ಟರ್ಟ್, ಪದೇಪದೇ ಪೆಟ್ಟು ತಿನ್ನುವ ಏಚೇನ್, ಇವರಿಬ್ಬರ ಹಿಂದೆ ಹೊಸ ವೇಗಿ: ಕಾಗದದ ಮೇಲೆ ಎಲ್ಲವೂ ಕೂಡಿಬಂದಿತ್ತು. ಮೊದಲ ಸೀಸನ್‌ನಲ್ಲಿ ರೈಟ್‌ಗೆ ಸಿಕ್ಕಿದ್ದು 68 ಓಟ, 249 ಗಜ, ಮೂರು ಕ್ಯಾಚ್. ಟಚ್‌ಡೌನ್ ಒಂದೂ ಇಲ್ಲ. ಮೋಸ್ಟರ್ಟ್ ನಿರೀಕ್ಷೆಯಂತೆ ಕುಸಿದರು, ಆದರೆ ಏಚೇನ್ ಪೂರ್ತಿ 17 ಪಂದ್ಯ ಆಡಿಬಿಟ್ಟರು.

ಪದ್ಧತಿ ಮತ್ತು ಕಳ್ಳಪಾಲು

ವೇಗ ಯಾವ ತಂಡದಲ್ಲಿ ಇದೆ ಎಂಬುದು ಮುಖ್ಯ. ಮೈಕ್ ಶಾನಹನ್ 1990ರ ದಶಕದಲ್ಲಿ ಡೆನ್ವರ್‌ನಲ್ಲಿ ನೆಲೆಗೊಳಿಸಿದ ಝೋನ್ ಓಟದ ಪದ್ಧತಿಯಲ್ಲಿ, ತಡೆಗಾರರೆಲ್ಲ ಒಂದೇ ದಿಕ್ಕಿಗೆ ಜರುಗುತ್ತ ಎದುರಾಳಿ ಸಾಲನ್ನು ಅಡ್ಡಕ್ಕೆ ಎಳೆಯುತ್ತಾರೆ. ಓಡುವವನು ಬಿರುಕು ಕಂಡ ಕ್ಷಣ ಒಂದೇ ಹೆಜ್ಜೆ ತಿರುಗಿಸಿ ನುಗ್ಗಬೇಕು. ಅಲ್ಲಿ ಟೆರೆಲ್ ಡೇವಿಸ್ 1998ರಲ್ಲಿ 2,008 ಗಜ ಓಡಿದರು. ಅವರಿಗೆ ಪೆಟ್ಟಾದ ಮೇಲೆ 1999ರಲ್ಲಿ ಒಲಾಂಡಿಸ್ ಗ್ಯಾರಿ 1,159, ಗ್ಯಾರಿಗೂ ಪೆಟ್ಟಾದ ಮೇಲೆ 2000ದಲ್ಲಿ ಮೈಕ್ ಆಂಡರ್ಸನ್ 1,487. ಡೆನ್ವರ್‌ನ ಬದಲಿಯನ್ನು ಕಣ್ಣುಮುಚ್ಚಿ ಎತ್ತಿಕೊಳ್ಳಬಹುದು ಎಂಬ ನಂಬಿಕೆ ಹುಟ್ಟಿದ್ದು ಆಗ. ಶಾನಹನ್ ಅವರ ಮಗ ಕೈಲ್ ಅದನ್ನು ಸ್ಯಾನ್ ಫ್ರಾನ್ಸಿಸ್ಕೊಗೂ, ಕೈಲ್ ಕೈಕೆಳಗೆ ಕೆಲಸ ಮಾಡಿದ ಮೆಕ್‌ಡ್ಯಾನಿಯಲ್ ಮಯಾಮಿಗೂ ಒಯ್ದರು. ಹೀಗಾಗಿ ಈ ಗುರುಮನೆಯ ತಂಡಗಳ ಬೆಂಚಿನಲ್ಲಿರುವ ವೇಗಿಗೆ ಬೇರೆ ಕಡೆಯವನಿಗಿಂತ ಹೆಚ್ಚು ಬೆಲೆ ಕಟ್ಟುವುದರಲ್ಲಿ ಅರ್ಥವಿದೆ.

ಮೋಸ್ಟರ್ಟ್ ಬೆಳೆದದ್ದೂ ಅಲ್ಲೇ. 2015ರಲ್ಲಿ ಡ್ರಾಫ್ಟ್ ಆಗದೆ ಉಳಿದು, ಆರು ತಂಡಗಳಿಂದ ಹೊರಬಿದ್ದು, 2016ರ ಕೊನೆಗೆ ಸ್ಯಾನ್ ಫ್ರಾನ್ಸಿಸ್ಕೊ ಸೇರಿದವರು. 2020ರ ಜನವರಿ 19ರಂದು ಗ್ರೀನ್ ಬೇ ವಿರುದ್ಧದ ಎನ್‌ಎಫ್‌ಸಿ ಫೈನಲ್‌ನಲ್ಲಿ 29 ಓಟಕ್ಕೆ 220 ಗಜ, ನಾಲ್ಕು ಟಚ್‌ಡೌನ್. ಬದಲಿಯಾಗಿ ಸೀಸನ್ ಶುರು ಮಾಡಿದ ಆಟಗಾರನೊಬ್ಬನ ಅತಿ ದೊಡ್ಡ ದಿನಗಳಲ್ಲಿ ಅದೂ ಒಂದು. ಆದರೆ ಸಾಮಾನ್ಯ ಫ್ಯಾಂಟಸಿ ಲೀಗ್‌ಗಳು ಡಿಸೆಂಬರ್ ಕೊನೆಗೇ ಮುಗಿದಿರುತ್ತವೆ. ಆ ದಿನದ ಒಂದು ಗಜವೂ ಅಲ್ಲಿ ಲೆಕ್ಕಕ್ಕೆ ಬರಲಿಲ್ಲ.

ವೇಗಿಯ ಅಂಕ ತಿನ್ನುವ ಇನ್ನೆರಡು ಕಾರಣಗಳಿವೆ. ಗೆರೆಯಿಂದ ಒಂದೆರಡು ಗಜ ದೂರ ಬಂದಾಗ ಕೋಚ್ ಅವನನ್ನು ಹೊರಗೆ ಕರೆದು ದಪ್ಪ ಮೈಯವನನ್ನು ಇಳಿಸುತ್ತಾನೆ. 2008ರಲ್ಲಿ ಟೆನೆಸಿ ಟೈಟನ್ಸ್ ಪರ ಕ್ರಿಸ್ ಜಾನ್ಸನ್ 1,228 ಗಜ ಓಡಿ 9 ಸಲ ಗೆರೆ ದಾಟಿದರೆ, ಅವರ ಜೊತೆಗಾರ ಲೆಂಡೇಲ್ ವೈಟ್ 773 ಗಜ ಓಡಿ 15 ಟಚ್‌ಡೌನ್ ಒಯ್ದರು. ಎರಡನೆಯದು, ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗಿ ಬರುವವರನ್ನು ತಡೆಯುವ ಕೆಲಸ. 260 ಪೌಂಡಿನವನಿಗೆ ಎದೆಕೊಟ್ಟು ನಿಲ್ಲಲು ಬಾರದ ಹುಡುಗನನ್ನು ಪಾಸ್ ಆಟಗಳಲ್ಲಿ ಕೋಚ್ ನಂಬುವುದಿಲ್ಲ. ನಂಬದಿದ್ದರೆ ಕ್ಯಾಚ್ ಇಲ್ಲ, ಕ್ಯಾಚ್ ಇಲ್ಲದಿದ್ದರೆ ಪಿಪಿಆರ್ ಅಂಕವಿಲ್ಲ. ಆಗಸ್ಟ್‌ನ ಅಭ್ಯಾಸ ಪಂದ್ಯಗಳಲ್ಲಿ 60 ಗಜದ ಓಟಕ್ಕಿಂತ ಈ ತಡೆಯುವಿಕೆಯನ್ನು ಗಮನಿಸುವವರು ಕಡಿಮೆ, ಅದಕ್ಕೇ ಅವರಿಗೆ ಲಾಭ ಹೆಚ್ಚು.

ಎಷ್ಟಕ್ಕೆ, ಯಾವಾಗ

ತನ್ನ ಮುಖ್ಯ ಆಟಗಾರನ ಬದಲಿಯನ್ನೂ ತಾನೇ ಇಟ್ಟುಕೊಳ್ಳುವುದಕ್ಕೆ ಹ್ಯಾಂಡ್‌ಕಫ್ ಎನ್ನುತ್ತಾರೆ. ಇದು ವಿಮೆ. ವಿಮೆಯ ಹಾಗೇ ಪೆಟ್ಟು ಬೀಳುವವರೆಗೂ ಅದರಿಂದ ಪ್ರಯೋಜನವಿಲ್ಲ, ಬೆಂಚಿನ ಒಂದು ಜಾಗ ಮಾತ್ರ ಹೋಗುತ್ತದೆ. ಇದಕ್ಕೆ ತದ್ವಿರುದ್ಧ ವಾದವೂ ಇದೆ. 2013ರಲ್ಲಿ ಶಾನ್ ಸೀಗಲ್ ಮುಂದಿಟ್ಟ ಝೀರೋ ಆರ್‌ಬಿ ಎಂಬ ತಂತ್ರದಲ್ಲಿ ಮೊದಲ ಸುತ್ತುಗಳಲ್ಲಿ ರನ್ನಿಂಗ್ ಬ್ಯಾಕ್‌ಗಳನ್ನು ಕೊಳ್ಳುವುದೇ ಇಲ್ಲ. ಆ ಸ್ಥಾನದವರು ಹೇಗೂ ಪೆಟ್ಟು ತಿನ್ನುತ್ತಾರೆ, ಆದ್ದರಿಂದ ರಿಸೀವರ್‌ಗಳ ಮೇಲೆ ಖರ್ಚು ಮಾಡಿ, ಬೇರೆಯವರ ಮುಖ್ಯ ಆಟಗಾರರ ಹಿಂದಿರುವ ಬದಲಿಗಳನ್ನು ಕೊನೆಯ ಸುತ್ತುಗಳಲ್ಲಿ ಅಗ್ಗಕ್ಕೆ ಕೂಡಿಹಾಕಬೇಕೆಂಬುದು ಅದರ ಸಾರ. ನನ್ನ ಮಟ್ಟಿಗೆ ಎರಡನೆಯದೇ ಸರಿ. ತನ್ನ ಮುಖ್ಯ ಆಟಗಾರ ಬಿದ್ದಾಗ ಅವನ ಬದಲಿ ಹೆಚ್ಚೆಂದರೆ ನಷ್ಟ ತುಂಬಿಕೊಡುತ್ತಾನೆ. ಇನ್ನೊಬ್ಬರ ಬದಲಿ ಮೇಲೆದ್ದರೆ ಅದು ನಿವ್ವಳ ಲಾಭ.

ಬದಲಿ ಆಟಗಾರನನ್ನು ಹನ್ನೆರಡು ತಂಡದ ಲೀಗ್‌ನಲ್ಲಿ ಹತ್ತನೇ ಸುತ್ತಿನ ನಂತರ ಕೊಂಡರೆ ಚಿಂತೆಯಿಲ್ಲ. ಏಳನೇ ಸುತ್ತಿನಲ್ಲಿ ಕೊಂಡರೆ ಅವನ ಬೆಲೆಯಲ್ಲಿ ಮುಖ್ಯ ಆಟಗಾರನಿಗೆ ಆಗಬಹುದಾದ ಪೆಟ್ಟನ್ನೂ ಮುಂಗಡವಾಗಿ ಕೊಂಡಂತಾಯಿತು. ಡ್ರಾಫ್ಟಿನಲ್ಲಿ ಬಿಟ್ಟವರು, ಯಾರ ತಂಡದಲ್ಲೂ ಇಲ್ಲದ ಆಟಗಾರರನ್ನು ವಾರವಾರ ಎತ್ತಿಕೊಳ್ಳುವ ವೇವರ್‌ನಲ್ಲಿ ಹಿಡಿಯಬಹುದು. ಹಲವು ಲೀಗ್‌ಗಳಲ್ಲಿ ಇದಕ್ಕಾಗಿ ಸೀಸನ್‌ಗೆ 100 ಡಾಲರ್ ಕಾಲ್ಪನಿಕ ಹಣ ಕೊಟ್ಟು ಗುಟ್ಟಾಗಿ ಹರಾಜು ಕೂಗಿಸುತ್ತಾರೆ. ಬುಧವಾರದಿಂದ ಶುಕ್ರವಾರದವರೆಗೆ ತಂಡಗಳು ಪೆಟ್ಟಿನ ವರದಿ ಹೊರಡಿಸುತ್ತವೆ. ಪಂದ್ಯಕ್ಕೆ 90 ನಿಮಿಷ ಮುಂಚೆ ಆಡದವರ ಪಟ್ಟಿ ಬರುತ್ತದೆ. ಬೆಂಗಳೂರಿನಲ್ಲಿ ಕೂತು ಆಡುವವರಿಗೆ ಆ ಪಟ್ಟಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಭಾನುವಾರ ರಾತ್ರಿ ಒಂಬತ್ತಕ್ಕೆ ಸಿಗುತ್ತದೆ, ಅಮೆರಿಕದಲ್ಲಿ ಗಡಿಯಾರ ಹಿಂದಕ್ಕೆ ತಿರುಗಿದ ಮೇಲೆ ಹತ್ತಕ್ಕೆ. ಭಾರತದಲ್ಲಿ 2025ರ ಆಗಸ್ಟ್‌ನ ಆನ್‌ಲೈನ್ ಗೇಮಿಂಗ್ ಕಾಯ್ದೆಯ ನಂತರ ಹಣ ಕಟ್ಟಿ ಆಡುವ ಇಂಥ ಆಟಗಳಿಗೆ ನಿಷೇಧವಿದೆ. ಗೆಳೆಯರು ಸೇರಿ ಆಡುವ ಉಚಿತ ಲೀಗ್‌ಗಳಿಗೆ ಅದು ತಗಲುವುದಿಲ್ಲ.

ಪಟ್ಟಿಯನ್ನು ನಂಬಿಯೂ ಕೆಡಬಹುದು. 2019ರ ಏಳನೇ ವಾರ ಅರಿಜೋನಾದ ಡೇವಿಡ್ ಜಾನ್ಸನ್ ಆಡುವವರ ಪಟ್ಟಿಯಲ್ಲಿದ್ದರು. ಅವರನ್ನು ಇಳಿಸಿದವರಿಗೆ ಸಿಕ್ಕಿದ್ದು ಒಂದು ಓಟ, ಎರಡು ಗಜ. ಬದಲಿಯಾದ ಚೇಸ್ ಎಡ್ಮಂಡ್ಸ್ 27 ಓಟಕ್ಕೆ 126 ಗಜ, ಮೂರು ಟಚ್‌ಡೌನ್ ಗಳಿಸಿದರು. ಮರುವಾರ ಎಡ್ಮಂಡ್ಸ್‌ಗೂ ಪೆಟ್ಟಾಯಿತು. ತಂಡ ಮಯಾಮಿಯಿಂದ ಕೆನ್ಯನ್ ಡ್ರೇಕ್‌ರನ್ನು ತರಿಸಿಕೊಂಡಿತು, ಮಂಗಳವಾರ ಹರಾಜಿನಲ್ಲಿ ಎಡ್ಮಂಡ್ಸ್ ಮೇಲೆ ಹಣ ಸುರಿದವರು ಖಾಲಿ ಕೈಯಲ್ಲಿ ಕೂತರು.

ವರ್ಷಗಟ್ಟಲೆ ಅದೇ ಆಟಗಾರರನ್ನು ಇಟ್ಟುಕೊಳ್ಳುವ ಡೈನಾಸ್ಟಿ ಲೀಗ್‌ಗಳಲ್ಲಿ ಲೆಕ್ಕ ಸ್ವಲ್ಪ ಬೇರೆ. ಅಲ್ಲಿ ವೇಗದ ಬದಲಿ ಆಟಗಾರನ ಬೆಲೆ ಒಂದು ದೊಡ್ಡ ಪಂದ್ಯದ ಮರುದಿನ ತುದಿಗೇರುತ್ತದೆ. ಬಾಲ್ಟಿಮೋರ್‌ನ ಕೀಟನ್ ಮಿಚೆಲ್ 2023ರಲ್ಲಿ ಡ್ರಾಫ್ಟ್ ಆಗದೆ ಬಂದು, ನವೆಂಬರ್ 5ರಂದು ಸಿಯಾಟಲ್ ವಿರುದ್ಧ ಒಂಬತ್ತು ಓಟಕ್ಕೆ 138 ಗಜ ಓಡಿದರು. ಸೀಸನ್‌ನಲ್ಲಿ 47 ಓಟ, 396 ಗಜ, ಓಟಕ್ಕೆ 8.4. ಡಿಸೆಂಬರ್ 17ರಂದು ಜಾಕ್ಸನ್‌ವಿಲ್‌ನಲ್ಲಿ ಮಂಡಿಯ ಎಸಿಎಲ್ ಎಂಬ ಅಸ್ಥಿರಜ್ಜು ಹರಿಯಿತು. ಮುಂದಿನ ವಸಂತದಲ್ಲಿ ತಂಡ ಡೆರಿಕ್ ಹೆನ್ರಿಯವರನ್ನು ಕರೆತಂದಿತು. ನವೆಂಬರ್ 6ರಿಂದ ಡಿಸೆಂಬರ್ 16ರ ನಡುವೆ ಮಿಚೆಲ್‌ರನ್ನು ಕೈದಾಟಿಸಿ ಒಬ್ಬ ಸಾಧಾರಣ ರಿಸೀವರ್‌ನನ್ನು ಪಡೆದವರಿಗೂ ಆ ವ್ಯವಹಾರದಲ್ಲಿ ಲಾಭವೇ ಆಯಿತು.